ನಾನೇ ಟೈಪ್ ಮಾಡಿದ ಪಟ್ಟಿ



ಪೋಸ್ಟ್ ಉದ್ದ ಐತಿ. ಪುರುಸೊತ್ತು ಇದ್ದಾಗ ಓದ್ರಿ, ಆದರ ಓದ್ರಿ. ಎರಡು ವಾರದಿಂದ ಬರೆಯಬೇಕು ಅಂತ ಕೂತು, ನೌಕರಿ ನೆನಪಾಗಿ ಮೊಬೈಲ್ ತೆಗೆದಿಡುತ್ತಿದ್ದೆ. ಈ ವಿಷಯದಲ್ಲಿ ತಪ್ಪು ಮಾಡಿದವರ ಪೈಕಿ ನಾನೂ ಒಬ್ಬಳು. ಅದಕ್ಕೇ ಇಷ್ಟು ತಡ ಆಯಿತು.

ಕಳೆದ ತಿಂಗಳು ಇಳಕಲ್ಲಿಗೆ ಹೋಗಿದ್ದೆ. ನಮ್ಮ ಸಂಘಟನೆಯ ಕಾರ್ಯಕ್ರಮಕ್ಕೆ ಒಂದು ಬ್ಯಾನರ್ ಮಾಡಿಸಬೇಕಿತ್ತು. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದ ಒಂದು ಫ್ಲೆಕ್ಸ್ ಅಂಗಡಿ. ಒಳಗೆ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ನನ್ನ ನೋಡಿ ಎದ್ದು ನಿಂತ.

"ಅಕ್ಕಾರ, ಗುರ್ತ ಸಿಕ್ತೇನ್ರಿ?"

ಸಿಗಲಿಲ್ಲ. ಹೆಸರು ಹೇಳಿದ. ಮುಖ ಮರೆತಿದ್ದೆ, ಹೆಸರು ಮರೆತಿರಲಿಲ್ಲ. ಯಾಕಂದ್ರ ಆ ಹೆಸರನ್ನು ನಾನೇ ಟೈಪ್ ಮಾಡಿದ್ದೆ. ಆ ಹೆಸರಿನ ಮುಂದೆ "ಉದ್ಯೋಗ: ಮಾಧ್ಯಮ ಸಂಸ್ಥೆ" ಅಂತ ಟೈಪ್ ಮಾಡಿದವಳೂ ನಾನೇ.

ಅಂಗಡಿಯ ಬೋರ್ಡು ನೋಡಿದೆ. ಮಾಲೀಕರ ಹೆಸರು, ಅದರ ಕೊನೆಗೆ "ಮೀಡಿಯಾ" ಅನ್ನುವ ಪದ. ಅಷ್ಟೇ. ಅಲ್ಲಿ ಮದುವೆ ಫ್ಲೆಕ್ಸ್, ಲೀಡರ್‌ಗಳ ಹುಟ್ಟುಹಬ್ಬದ ಫ್ಲೆಕ್ಸ್, ಸತ್ತವರ ಶ್ರದ್ಧಾಂಜಲಿ ಫ್ಲೆಕ್ಸ್ ಮಾಡ್ತಾರೆ. ಹುಡುಗ ಪತ್ರಿಕೋದ್ಯಮ ಓದಿದವನು. ನಗುತ್ತಾ ಹೇಳಿದ, "ಸತ್ತವರ ಹೆಸರು ತಪ್ಪಿಲ್ದ ಬರೀತೀನ್ರಿ ಅಕ್ಕಾರ, ಎಡಿಟಿಂಗ್ ಕಲ್ತದ್ದು ಅಷ್ಟಕ್ಕ ಉಪಯೋಗ ಆತು." ನಾನೂ ನಕ್ಕೆ. ಬಸ್ಸಿನಲ್ಲಿ ಕೂತು ಹುನಗುಂದ ದಾಟೋವರೆಗೂ ಆ ನಗು ಬಾಯಲ್ಲಿ ಕಹಿಯಾಗೇ ಇತ್ತು.

ನಾನು ಯಾರು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಹುನಗುಂದ ತಾಲೂಕಿನ ಒಂದು ಹಳ್ಳಿಯ ಕೇರಿಯವಳು. ಬಿಎ ಮುಗಿಸಿದ ಮೊದಲ ಹೆಣ್ಣುಮಗಳು ನಮ್ಮ ಓಣಿಗೆ. ಬ್ಯಾಕ್‌ಲಾಗ್ ಹುದ್ದೆಯಲ್ಲಿ ಗುಮಾಸ್ತಳಾಗಿ ಸೇರಿ ಈಗ ಬಹಳ ವರ್ಷ ಆಯಿತು. ಕೆಲಸ ಒಂದು ಶಿಕ್ಷಣ ಸಂಸ್ಥೆಯ ಕಚೇರಿಯಲ್ಲಿ. ಅಲ್ಲಿ ಪತ್ರಿಕೋದ್ಯಮ ವಿಭಾಗವೂ ಇದೆ. ಸಂಸ್ಥೆಯ ಹೆಸರು ಬರೆಯೋದಿಲ್ಲ. ನಡತೆ ನಿಯಮದ ಭಯ ಇದೆ, ಅದು ಸುಳ್ಳಲ್ಲ. ಆದರೆ ಇದು ಒಂದು ಸಂಸ್ಥೆಯ ಕಥೆಯೂ ಅಲ್ಲ. ದಯವಿಟ್ಟು ಯಾರೂ ಪತ್ತೆ ಮಾಡಿ ಕಾಮೆಂಟಿನಲ್ಲಿ ಹಾಕಬೇಡಿ.

ಈಗ ಆ ಪಟ್ಟಿಯ ವಿಷಯ.

ನ್ಯಾಕ್ ಅಂತ ನೀವೆಲ್ಲ ಕೇಳಿದ್ದೀರಿ. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ನೋಡಿ ಗ್ರೇಡ್ ಕೊಡುವ ಮಂಡಳಿ. 1994ರಲ್ಲಿ ಶುರು ಆದದ್ದು, ಮುಖ್ಯ ಕಚೇರಿ ನಮ್ಮ ಬೆಂಗಳೂರಿನಲ್ಲೇ. ನಾವು ಅರ್ಜಿ ಹಾಕಿದಾಗ ಏಳು ಮಾನದಂಡ, ಒಟ್ಟು 1000 ಅಂಕ, ಅದನ್ನು 4ಕ್ಕೆ ಇಳಿಸಿ ಲೆಕ್ಕ. 3.51ರ ಮೇಲೆ ಬಂದರೆ ಎ ಪ್ಲಸ್ ಪ್ಲಸ್. ಮಾನ್ಯತೆ ಐದು ವರ್ಷ. ಗೇಟಿನ ಮೇಲೆ ದೊಡ್ಡ ಅಕ್ಷರದಲ್ಲಿ "ನ್ಯಾಕ್ ಮಾನ್ಯತೆ ಪಡೆದ" ಅಂತ ಬರೆಸ್ತಾರಲ್ಲ, ಅದು ಇದೇ.

2017ರಲ್ಲಿ ಪದ್ಧತಿ ಬದಲಾಯಿತು. ಅದಕ್ಕೆ ಮೊದಲು ತಂಡ ಬಂದು ನೋಡಿದ್ದೇ ಹೆಚ್ಚು. ಆಮೇಲೆ ಬಹುಪಾಲು ಅಂಕ ನಾವು ಆನ್‌ಲೈನಿನಲ್ಲಿ ತುಂಬಿದ ಅಂಕಿಅಂಶ, ಅಪ್‌ಲೋಡ್ ಮಾಡಿದ ಪಿಡಿಎಫ್‌ಗಳ ಮೇಲೆ. ಅಂದರೆ ಪಾಠ ಮಾಡಿದವರಿಗಿಂತ ಟೈಪ್ ಮಾಡಿದವರ ಕೈಯಲ್ಲಿ ಗ್ರೇಡು ಜಾಸ್ತಿ. ಗುಮಾಸ್ತರು ಇದನ್ನು ಓದಿ ನಗಬಹುದು. ಆ ಆರು ತಿಂಗಳು ಭಾನುವಾರವೂ ಇಲ್ಲದೆ ಸ್ಕ್ಯಾನರ್ ಮುಂದೆ ಕೂತವರಿಗೆ ಗೊತ್ತು.

ಐದನೇ ಮಾನದಂಡ ವಿದ್ಯಾರ್ಥಿಗಳಿಗೆ ಬೆಂಬಲ ಮತ್ತು ಅವರ ಪ್ರಗತಿ. ಅದರಲ್ಲಿ 5.2 ಅಂತ ಒಂದು ಕಾಲಂ ಬರ್ತದೆ. ಓದು ಮುಗಿಸಿ ಹೊರಗೆ ಹೋದವರಲ್ಲಿ ಎಷ್ಟು ಜನರಿಗೆ ಕೆಲಸ ಸಿಕ್ತು, ಎಷ್ಟು ಜನ ಮುಂದಿನ ಓದಿಗೆ ಹೋದರು, ಎಷ್ಟು ಜನ ಸ್ಪರ್ಧಾತ್ಮಕ ಪರೀಕ್ಷೆ ಪಾಸಾದರು. ಐದು ವರ್ಷದ ಲೆಕ್ಕ. ಒಳ್ಳೆಯ ಪ್ರಶ್ನೆ. ಇಡೀ ಅರ್ಜಿಯಲ್ಲಿ ನನಗೆ ಇಷ್ಟವಾದ ಪ್ರಶ್ನೆ ಇದೊಂದೇ.

ಉತ್ತರ ಹೆಂಗ ತಯಾರಾಯಿತು ಅಂತ ಹೇಳ್ತೀನಿ. ಕೊನೆಯ ದಿನಾಂಕ ಹತ್ತಿರ ಬಂದಿತ್ತು. ಹಳೆಯ ವಿದ್ಯಾರ್ಥಿಗಳ ನಂಬರುಗಳಿಗೆ ಫೋನ್ ಹಚ್ಚಿ ಅಂತ ಹೇಳಿದರು. ಯಾರಾದರೂ "ಅಂಗಡ್ಯಾಗ ಅದೀನ್ರಿ" ಅಂದ್ರ, "ಮಾಲೀಕರಿಂದ ಒಂದು ಲೆಟರ್‌ಹೆಡ್ ಮ್ಯಾಲೆ ಬರೆಸಿ ವಾಟ್ಸಾಪ್ ಮಾಡ್ರಿ" ಅನ್ನೋದು. ಲೆಟರ್ ಬಂದರೆ ಉದ್ಯೋಗ. ಎಂಎಗೆ ಅರ್ಜಿ ಹಾಕಿದ ಶುಲ್ಕದ ರಸೀದಿ ಇದ್ದರೆ ಉನ್ನತ ಶಿಕ್ಷಣ. ಸೇರಿದರೋ ಇಲ್ಲವೋ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಒಂದು ಸಲ ಮೇಲಿನವರಿಗೆ ಅಂದೆ, "ಸರ್, ಇದು ಫ್ಲೆಕ್ಸ್ ಅಂಗಡಿ ಐತ್ರಿ." ಅವರು ಹೇಳಿದ್ದು, "ಬೋರ್ಡಿನಾಗ ಏನೈತಿ ಅದನ್ನ ಬರೀರಿ ಮೇಡಂ." ಬರೆದೆ.

ಗ್ರೇಡ್ ಬಂತು. ಪೇಢೆ ಹಂಚಿದರು. ನಾನೂ ತಿಂದೆ.

ತಂಡ ಬರುವ ಮುನ್ನ ವಿಭಾಗಕ್ಕೆ ಒಂದು ಮೀಡಿಯಾ ಲ್ಯಾಬ್ ಆಯಿತು. ಕ್ಯಾಮೆರಾ, ಲೈಟು, ಮೈಕು, ಹಿಂದೆ ಹಸಿರು ಪರದೆ. ತಂಡ ಬಂದ ದಿನ ಒಬ್ಬ ಹುಡುಗಿ ಅದರ ಮುಂದೆ ನಿಂತು ಸುದ್ದಿ ಓದಿದಳು. ಚೆಂದ ಓದಿದಳು. ತಂಡ ಹೋದ ಮೇಲೆ ಕ್ಯಾಮೆರಾ ಕಪಾಟಿನಲ್ಲಿ, ಕೀಲಿಕೈ ಸಾಹೇಬರ ಟೇಬಲ್ ಡ್ರಾದಲ್ಲಿ. "ಹುಡುಗ್ರು ಕೆಡಿಸ್ತಾರ" ಅನ್ನೋದು ಕಾರಣ. ಮುಟ್ಟಿದರೆ ಕೆಡ್ತದೆ ಅನ್ನುವ ಮಾತು ನಮ್ಮ ಕಿವಿಗೆ ಹೊಸದಲ್ಲ ಬಿಡಿ.

ವಿಭಾಗದಲ್ಲಿ ಪಾಠ ಮಾಡ್ತಿದ್ದವರು ಅತಿಥಿ ಉಪನ್ಯಾಸಕರು. ಅವರ ಮೇಲೆ ನನಗೆ ಸಿಟ್ಟಿಲ್ಲ. ತಮ್ಮ ಸಂಬಳ ಯಾವ ತಿಂಗಳು ಬರ್ತದೆ ಅಂತ ಗೊತ್ತಿಲ್ಲದ ಮನುಷ್ಯ ತಮ್ಮ ಮೊಬೈಲಿನಲ್ಲೇ ಹುಡುಗರಿಗೆ ವಿಡಿಯೊ ಎಡಿಟಿಂಗ್ ಕಲಿಸಿದರು. ಅವರ ಕೆಲಸಕ್ಕೆ ನ್ಯಾಕ್ ಅರ್ಜಿಯಲ್ಲಿ ಕಾಲಂ ಇರಲಿಲ್ಲ.

ಇಳಕಲ್ಲಿನಿಂದ ಬಂದ ಮೇಲೆ ನಾನು ಒಂದು ನೂರು ಪುಟದ ನೋಟ್‌ಬುಕ್ ತಗೊಂಡೆ. ಆ ಪಟ್ಟಿಯಲ್ಲಿ ಪತ್ರಿಕೋದ್ಯಮ ಓದಿದ ಎಸ್ಸಿ, ಎಸ್ಟಿ ಹುಡುಗ ಹುಡುಗಿಯರ ಹೆಸರು ಬರೆದುಕೊಂಡೆ. ಮೂರು ಬ್ಯಾಚಿನಿಂದ ಹನ್ನೆರಡು ಹೆಸರು. ಸಂಜೆ ಅಡುಗೆ ಮುಗಿಸಿ ಒಬ್ಬೊಬ್ಬರಿಗೆ ಫೋನ್ ಹಚ್ಚಿದೆ. ಹತ್ತು ಮಂದಿ ಸಿಕ್ಕರು. ಹೆಸರು ಹೇಳಲ್ಲ, ಊರು ಹೇಳ್ತೀನಿ.

ಬಾದಾಮಿ ಕಡೆಯ ಹುಡುಗ. ಓದು ಮುಗಿದ ಮೇಲೆ ನಿಜವಾಗಿಯೂ ಸುದ್ದಿ ಕೆಲಸಕ್ಕೆ ಹೋದವನು. ಒಂದು ಪತ್ರಿಕೆಗೆ ತಾಲೂಕು ಮಟ್ಟದಲ್ಲಿ ಸುದ್ದಿ ಕಳಿಸ್ತಿದ್ದ. ಗುರುತಿನ ಚೀಟಿ ಕೊಟ್ಟಿದ್ದರು, ನೇಮಕ ಪತ್ರ ಇಲ್ಲ, ಸಂಬಳ ಇಲ್ಲ. ತಂದ ಜಾಹೀರಾತಿನ ಮೇಲೆ ಕಮಿಷನ್. ಬನಶಂಕರಿ ಜಾತ್ರೆ ಬಂದರೆ ಪುರವಣಿ, ದಸರಾ ಬಂದರೆ ಪುರವಣಿ, ದೀಪಾವಳಿ ಬಂದರೆ ಪುರವಣಿ. ಇಷ್ಟು ಸಾವಿರದ ಜಾಹೀರಾತು ತರಬೇಕು ಅಂತ ಟಾರ್ಗೆಟ್.

ಅವನು ಹೇಳಿದ್ದನ್ನು ಹಾಗೇ ಬರೀತೀನಿ. "ಯಾರ್ನ ಕೇಳ್ಲಿ ಅಕ್ಕಾರ? ಜಾಹೀರಾತು ಕೊಡೂ ಸಾವ್ಕಾರ್ರ ಹೊಲದಾಗ ನಮ್ಮಪ್ಪ ದುಡೀತಾನ. ಅವರ ಬಾಗಲ ಮುಂದ ನಿಂತು ಅರ್ಧ ಪುಟ ಕೊಡ್ರಿ ಅಂತ ಹೆಂಗ ಕೇಳ್ಲಿ? ಕೇಳಿದೆ ಅಂತ ಇಟ್ಕೋರಿ. ನಾಳೆ ಅವರ ಮ್ಯಾಲೆ ಸುದ್ದಿ ಬಂದ್ರ ಹೆಂಗ ಬರೀಲಿ?"

ಅವನ ಜೊತೆ ಓದಿದ ಇನ್ನೊಬ್ಬ ಹುಡುಗನಿಗೆ ಮಾವನ ಸೊಸೈಟಿ ಇತ್ತು, ಕಾಕಾನ ಬಟ್ಟೆ ಅಂಗಡಿ ಇತ್ತು. ಮೊದಲ ಪುರವಣಿಗೇ ಟಾರ್ಗೆಟ್ ಮುಗಿಸಿದ. ಅವನು ಈಗಲೂ ವರದಿಗಾರ. ಹುಡುಗ ಒಳ್ಳೆಯವನೇ, ಅವನ ಮೇಲೆ ದೂರಿಲ್ಲ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು, ಒಂದೇ ಪುಸ್ತಕ ಓದಿ, ಹೆಚ್ಚು ಕಡಿಮೆ ಒಂದೇ ಅಂಕ ತಗೊಂಡವರು. ನಮ್ಮವನು ಎರಡು ವರ್ಷ ಜಗ್ಗಾಡಿ ಬಿಟ್ಟ. ಈಗ ಟಂಟಂ ಹೊಡೀತಾನೆ. ರೈಲ್ವೆ ಸ್ಟೇಷನ್ನಿನಿಂದ ಗುಹೆಗಳ ತನಕ ಪ್ರವಾಸಿಗರನ್ನ ಕರ್ಕೊಂಡು ಹೋಗ್ತಾನೆ. "ಸುದ್ದಿ ಹೇಳೂದು ಬಿಟ್ಟಿಲ್ಲ ಅಕ್ಕಾರ, ಚಾಲುಕ್ಯರ ಸುದ್ದಿ ಹೇಳ್ತೀನಿ" ಅಂದ.

ಹುನಗುಂದ ತಾಲೂಕಿನ ಹುಡುಗಿ. ಅವತ್ತು ಹಸಿರು ಪರದೆ ಮುಂದೆ ಸುದ್ದಿ ಓದಿದಳಲ್ಲ, ಅವಳೇ. ವಿಭಾಗದ ಅಭ್ಯಾಸ ಪತ್ರಿಕೆಯಲ್ಲಿ ತನ್ನ ಊರ ಕೇರಿಯ ಚರಂಡಿ ಬಗ್ಗೆ ಬರೆದಿದ್ದಳು. ಊರಿನ ನೀರೆಲ್ಲ ಇಳಿದು ಕೇರಿಯಲ್ಲೇ ಯಾಕೆ ನಿಲ್ತದೆ ಅಂತ ಒಂದೇ ಪ್ರಶ್ನೆ ಹಿಡಿದು ಬರೆದದ್ದು. ಆ ಬರಹ, ಅವಳ ಫೋಟೊ ಎರಡೂ ನ್ಯಾಕ್ ವರದಿಯ ಅನುಬಂಧದಲ್ಲಿ ಇವೆ. ಸ್ಕ್ಯಾನ್ ಮಾಡಿದ್ದು ನಾನು.

ಅವಳಿಗೆ ಹುಬ್ಬಳ್ಳಿಯಲ್ಲಿ ಡೆಸ್ಕ್ ಟ್ರೇನಿ ಕೆಲಸಕ್ಕೆ ಕರೆ ಬಂತು. ರಾತ್ರಿ ಪಾಳಿ. ರೂಮು ಹುಡುಕಲು ಹೋದಲ್ಲಿ "ಯಾವ ಪೈಕಿ ನೀವು?" ಅಂತ ಕೇಳಿದರು. ಎರಡು ಮನೆಯಲ್ಲಿ ಹೇಳಿದಳು, ಸಿಗಲಿಲ್ಲ. ಮೂರನೇ ಮನೆಯಲ್ಲಿ ಹೇಳಲಿಲ್ಲ, ಸಿಕ್ತು. ಕೊಡುವ ಹಣದಲ್ಲಿ ಬಾಡಿಗೆ, ಊಟ ಕಳೆದರೆ ಊರಿಗೆ ಬರುವ ಬಸ್ ಚಾರ್ಜೂ ಉಳೀತಿರಲಿಲ್ಲ. ಆಗ ಶಕ್ತಿ ಯೋಜನೆ ಇನ್ನೂ ಬಂದಿರಲಿಲ್ಲ. ನಾಲ್ಕು ತಿಂಗಳಿಗೆ ತಿರುಗಿ ಬಂದಳು. ಈಗ ಊರ ಸಾಲೆಯಲ್ಲಿ ಅತಿಥಿ ಶಿಕ್ಷಕಿ. ನಮ್ಮ ಪಟ್ಟಿಯಲ್ಲಿ ಅವಳು "ಉನ್ನತ ಶಿಕ್ಷಣ". ಎಂಎಗೆ ಅರ್ಜಿ ಹಾಕಿದ ರಸೀದಿ ಇತ್ತಲ್ಲ.

ಬಾಗಲಕೋಟೆ ನವನಗರದಲ್ಲಿ ಮೂವರು. ಒಂದೇ ರೂಮಿನಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದ್ತಾರೆ. ಪೊಲೀಸ್ ಕಾನ್‌ಸ್ಟೇಬಲ್, ಪಿಡಿಒ, ಎಸ್‌ಡಿಎ, ಯಾವುದು ಕರೆದರೂ ಹಾಕ್ತಾರೆ. ಒಬ್ಬ ಅಂದ, "ನಿಮ್ಮಂಗ ಒಂದ್ ಕುರ್ಚಿ ಸಿಕ್ರ ಸಾಕ್ರಿ ಅಕ್ಕಾರ." ಅವನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಈ ಕುರ್ಚಿ ಮೇಲೆ ಕೂತೇ ಆ ಪಟ್ಟಿ ಟೈಪ್ ಮಾಡಿದ್ದು.

ಒಬ್ಬ ಇಳಕಲ್ಲಿನ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೀತಾನೆ. ಇಬ್ಬರು ಹೆಣ್ಣುಮಕ್ಕಳ ಮದುವೆ ಆಗಿದೆ, ಫೋನ್ ಗಂಡಂದಿರ ಕೈಯಲ್ಲಿ, ಹೆಚ್ಚು ಮಾತಾಡಲಿಲ್ಲ. ಫ್ಲೆಕ್ಸ್ ಹುಡುಗನ ವಿಷಯ ಆಗಲೇ ಹೇಳಿದೆ.

ಹತ್ತನೆಯವನು ಬೆಂಗಳೂರಿನಲ್ಲಿ ಒಂದು ಟಿವಿ ಚಾನೆಲ್ಲಿನ ಡೆಸ್ಕಿನಲ್ಲಿದ್ದಾನೆ. ನನ್ನ ನೋಟ್‌ಬುಕ್ಕಿನಲ್ಲಿ ಸುದ್ದಿ ಕೆಲಸ ಮಾಡ್ತಿರುವವನು ಅವನೊಬ್ಬನೇ. ಖುಷಿಯಿಂದ ಮಾತಾಡಿಸಿದೆ. ಅವನು ಹೊರಗೆ ಬಂದು ಮೆಲ್ಲಗೆ ಮಾತಾಡಿದ. "ಅಕ್ಕಾರ, ಫೇಸ್‌ಬುಕ್ಕಿನಾಗ ನನ್ನ ಟ್ಯಾಗ್ ಮಾಡಬ್ಯಾಡ್ರಿ. ಇಲ್ಲಿ ಯಾರಿಗೂ ಗೊತ್ತಿಲ್ಲ."

ಸತ್ಯ ಹೇಳಬೇಕು ಅಂದರೆ, ಪತ್ರಿಕೋದ್ಯಮ ಓದಿದ ಎಲ್ಲ ಜಾತಿಯ ಹುಡುಗರೂ ಪತ್ರಕರ್ತರಾಗಿಲ್ಲ. ಕೆಲಸ ಕಡಿಮೆ, ಸಂಬಳ ಕಡಿಮೆ, ಪತ್ರಿಕೆಗಳ ಸ್ಥಿತಿ ಎಲ್ಲರಿಗೂ ಗೊತ್ತು. ಆದರೆ ಬಿದ್ದಾಗ ಅವರ ಕೆಳಗೆ ಒಂದು ಅಂಗಡಿ ಇರ್ತದೆ, ನಾಲ್ಕು ಎಕರೆ ಇರ್ತದೆ. ನಮ್ಮವರ ಕೆಳಗೆ ಟಂಟಂ ಸಾಲ ಇರ್ತದೆ. ಎಲ್ಲರನ್ನೂ ಕೂಡಿಸಿ ಶೇಕಡಾ ಇಷ್ಟು ಅಂತ ಬರೆದಾಗ ಈ ವ್ಯತ್ಯಾಸ ಕಾಣೋದೇ ಇಲ್ಲ. ಸೀಟು ತುಂಬುವಾಗ ಮೀಸಲಾತಿ ಎಷ್ಟು ತುಂಬಿದ್ದೀರಿ ಅಂತ ನ್ಯಾಕ್ ಕೇಳ್ತದೆ. ಹೊರಗೆ ಹೋಗುವಾಗ ಅದೇ ಹುಡುಗರು ಎಲ್ಲಿ ಹೋದರು ಅಂತ ಆ ಪ್ರವರ್ಗದ ಲೆಕ್ಕ ಕೇಳೋದಿಲ್ಲ. ಒಳಗೆ ಬಂದವರು ದಲಿತರು, ಹೊರಗೆ ಹೋದವರು ಬರೀ ವಿದ್ಯಾರ್ಥಿಗಳು.

ಇನ್ನೊಂದು ವಿಚಾರ. ವಕೀಲಿಕೆ ಓದಿಸುವ ಕಾಲೇಜಿಗೆ ಬಾರ್ ಕೌನ್ಸಿಲ್ ಇದೆ. ಎಂಜಿನಿಯರಿಂಗಿಗೆ ಎಐಸಿಟಿಇ, ಬಿಎಡ್‌ಗೆ ಎನ್‌ಸಿಟಿಇ. ಪತ್ರಿಕೋದ್ಯಮಕ್ಕೆ ಅಂತ ಬೇರೆ ಮಂಡಳಿ ನಮ್ಮಲ್ಲಿಲ್ಲ. ನ್ಯಾಕ್ ಇಡೀ ಸಂಸ್ಥೆಗೆ ಒಂದು ಗ್ರೇಡ್ ಕೊಡ್ತದೆ, ವಿಭಾಗ ಅದರ ನೆರಳಲ್ಲಿ ಕೂತುಬಿಡ್ತದೆ. ಗ್ರಂಥಾಲಯ ಚೆನ್ನಾಗಿದೆ, ಮಳೆನೀರು ಕೊಯ್ಲು ಇದೆ, ಸೋಲಾರ್ ಇದೆ, ಅದಕ್ಕೆ ಪತ್ರಿಕೋದ್ಯಮವೂ ಎ ಗ್ರೇಡು.

ಅಮೆರಿಕದಲ್ಲಿ ಹೆಂಗ ಅಂತ ಹುಡುಕಿ ಓದಿದೆ. ಅಲ್ಲಿ ಪತ್ರಿಕೋದ್ಯಮ ಶಾಲೆಗಳಿಗೇ ಪ್ರತ್ಯೇಕ ಮಾನ್ಯತೆ ಮಂಡಳಿ ಇದೆ. ಸೇರಿದವರಲ್ಲಿ ಎಷ್ಟು ಜನ ಉಳಿದರು, ಎಷ್ಟು ಜನ ಪದವಿ ಮುಗಿಸಿದರು ಅನ್ನೋದನ್ನ ಶಾಲೆಗಳು ತಮ್ಮ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂಗ ಹಾಕಬೇಕು. ಎಲ್ಲ ಸಮುದಾಯದ ವಿದ್ಯಾರ್ಥಿಗಳು, ಶಿಕ್ಷಕರು ಒಳಗೆ ಇದ್ದಾರೋ ಇಲ್ಲವೋ ಅನ್ನೋದನ್ನೂ ನೋಡ್ತಿದ್ದರು. ನಾರ್ತ್ ಕೆರೋಲಿನಾ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆ ಅಲ್ಲಿ ಬಹಳ ಹೆಸರಿನದು. 2021ರಲ್ಲಿ ನಿಕೋಲ್ ಹ್ಯಾನಾ-ಜೋನ್ಸ್ ಅನ್ನುವ ಕಪ್ಪು ಪತ್ರಕರ್ತೆಗೆ ಅಲ್ಲಿ ಕಾಯಂ ಹುದ್ದೆ ಕೊಡಲು ಮೀನಮೇಷ ಎಣಿಸಿದರು. ಪುಲಿಟ್ಜರ್ ಪ್ರಶಸ್ತಿ ಬಂದಾಕೆ. ಗದ್ದಲ ಆದ ಮೇಲೆ ಕೊಟ್ಟರು. ಆಕೆ ಬೇಡ ಅಂದು ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಮರುವರ್ಷ, 2022ರಲ್ಲಿ, ವೈವಿಧ್ಯ ಮತ್ತು ಒಳಗೊಳ್ಳುವಿಕೆಯಲ್ಲಿ ಕೊರತೆ ಇದೆ ಅಂತ ಆ ಮಂಡಳಿ ಶಾಲೆಯ ಪೂರ್ಣ ಮಾನ್ಯತೆಯನ್ನು ತಾತ್ಕಾಲಿಕಕ್ಕೆ ಇಳಿಸಿತು.

ಅಲ್ಲಿ ಎಲ್ಲ ಸರಿ ಐತಿ ಅಂತ ಹೇಳ್ತಿಲ್ಲ. ಬರ್ಕ್ಲಿ, ನಾರ್ತ್‌ವೆಸ್ಟರ್ನ್‌ನಂಥ ದೊಡ್ಡ ಶಾಲೆಗಳು 2017ರಲ್ಲಿ ಈ ಮಾನ್ಯತೆಯೇ ಬೇಡ ಅಂತ ಹೊರಗೆ ಬಂದವು. ದೊಡ್ಡವರಿಗೆ ಸರ್ಟಿಫಿಕೇಟ್ ಬೇಕಾಗೋದಿಲ್ಲ. ಆದರೂ ಒಳಗೆ ಯಾರಿದ್ದಾರೆ ಅಂತ ಕೇಳಿ, ಅದಕ್ಕಾಗಿ ಒಂದು ಹೆಸರಾಂತ ಶಾಲೆಯ ಮಾನ್ಯತೆ ಇಳಿಸಬಹುದು ಅನ್ನೋದು ನನಗೆ ಹೊಸದಾಗಿತ್ತು.

ನಮ್ಮಲ್ಲಿ ಆ ಪ್ರಶ್ನೆ ಕೇಳಿದವರು ಹೊರಗಿನವರೇ. 1996ರಲ್ಲಿ ದಿಲ್ಲಿಯಲ್ಲಿ ಒಬ್ಬ ವಿದೇಶಿ ವರದಿಗಾರ, ನನಗೊಬ್ಬ ದಲಿತ ಪತ್ರಕರ್ತರ ಜೊತೆ ಮಾತಾಡಬೇಕು, ಯಾರಿದ್ದಾರೆ ಅಂತ ಬಿ.ಎನ್. ಉನಿಯಾಲ್ ಅನ್ನುವ ಹಿರಿಯ ಪತ್ರಕರ್ತರನ್ನ ಕೇಳಿದರು. ಮೂವತ್ತು ವರ್ಷ ಸುದ್ದಿಮನೆಯಲ್ಲಿ ಕಳೆದ ಮನುಷ್ಯನಿಗೆ ಒಂದು ಹೆಸರೂ ನೆನಪಾಗಲಿಲ್ಲ. ಕೇಂದ್ರ ಸರ್ಕಾರದ ಮಾನ್ಯತೆ ಪಡೆದ ಪತ್ರಕರ್ತರ ಪಟ್ಟಿ ತೆಗೆದು ನೋಡಿದರು. 686 ಹೆಸರು. ದಲಿತ ಅಂತ ಒಬ್ಬರೂ ಸಿಗಲಿಲ್ಲ. ಅದನ್ನೇ ಅವರು ದಿ ಪಯನೀರ್ ಪತ್ರಿಕೆಯಲ್ಲಿ ಬರೆದರು. 2006ರಲ್ಲಿ ದಿಲ್ಲಿಯ 37 ಮಾಧ್ಯಮ ಸಂಸ್ಥೆಗಳ ಆಯಕಟ್ಟಿನ 315 ಪತ್ರಕರ್ತರ ಸಮೀಕ್ಷೆ ಆಯಿತು, ಅದರಲ್ಲೂ ದಲಿತ, ಆದಿವಾಸಿ ಸೊನ್ನೆ. 2019ರಲ್ಲಿ ಆಕ್ಸ್‌ಫಾಮ್ ಮತ್ತು ನ್ಯೂಸ್‌ಲಾಂಡ್ರಿ ಲೆಕ್ಕ ಹಾಕಿದವು. ಸುದ್ದಿಮನೆಗಳ 121 ಮೇಲಿನ ಹುದ್ದೆಗಳಲ್ಲಿ 106 ಮೇಲ್ಜಾತಿಯವರ ಕೈಯಲ್ಲಿ, ಎಸ್ಸಿ ಎಸ್ಟಿ ಒಬ್ಬರೂ ಇಲ್ಲ.

ಮಾನ್ಯತೆ ಅನ್ನುವ ಪದ ನೋಡ್ರಿ. ಸಂಸ್ಥೆಗೂ ಮಾನ್ಯತೆ, ಪತ್ರಕರ್ತರಿಗೂ ಮಾನ್ಯತೆ. ನಮ್ಮ ಬಾದಾಮಿ ಹುಡುಗ ಓದಿದ ಸಂಸ್ಥೆಗೆ ಮಾನ್ಯತೆ ಇತ್ತು. ಅವನಿಗೆ ನೇಮಕ ಪತ್ರವೇ ಇಲ್ಲದ ಮೇಲೆ ಮಾನ್ಯತಾ ಕಾರ್ಡು ಎಲ್ಲಿಂದ ಬರಬೇಕು?

ಬಾಬಾಸಾಹೇಬರು 1920ರ ಜನವರಿ 31ರಂದು ಮೂಕನಾಯಕ ಶುರು ಮಾಡಿದಾಗ ಅದರ ಜಾಹೀರಾತನ್ನು ದುಡ್ಡು ಕೊಟ್ಟರೂ ಹಾಕಲು ಕೇಸರಿ ಪತ್ರಿಕೆ ಒಪ್ಪಲಿಲ್ಲ. ಅವತ್ತು ಅವರು ಜಾಹೀರಾತು ಕೊಡಲು ಹೋದವರು, ಇವತ್ತು ನಮ್ಮ ಹುಡುಗರು ಜಾಹೀರಾತು ಕೇಳಲು ಹೋಗುವವರು. ಎರಡೂ ಸಲ ಬಾಗಿಲು ಹಾಕಿದ್ದೇ. ನಮ್ಮಲ್ಲೂ ದಲಿತ ಸಂಘರ್ಷ ಸಮಿತಿ ಕಟ್ಟುವ ಕಾಲಕ್ಕೆ ಪಂಚಮ ಪತ್ರಿಕೆ ಬಂತು. 2012ರ ಏಪ್ರಿಲ್ 14ಕ್ಕೆ ಪ್ರಜಾವಾಣಿ ದೇವನೂರ ಮಹಾದೇವ ಅವರನ್ನ ಅತಿಥಿ ಸಂಪಾದಕರನ್ನಾಗಿ ಕೂರಿಸಿ ಸಂಚಿಕೆ ತಂದಾಗ ನಾನು ಎರಡು ಪ್ರತಿ ಕೊಂಡಿದ್ದೆ, ಒಂದು ಓದಲು, ಒಂದು ಇಡಲು. ಆ ಒಂದು ದಿನದ ಖುಷಿ ಇನ್ನೂ ಇದೆ. ಉಳಿದ 364 ದಿನದ ಲೆಕ್ಕ ಕೇಳಬೇಕಲ್ಲ.

ಈಗ ನಮ್ಮ ಜಿಲ್ಲೆಯ ವಿಶ್ವವಿದ್ಯಾಲಯದ ವಿಷಯಕ್ಕೆ ಬರ್ತೀನಿ. ಬಾಗಲಕೋಟೆ ವಿಶ್ವವಿದ್ಯಾಲಯ 2023ರಲ್ಲಿ ಜಮಖಂಡಿಯಲ್ಲಿ ಶುರು ಆಯಿತು. ಅಲ್ಲಿತನಕ ನಮ್ಮ ಕಾಲೇಜುಗಳ ಕಾಗದ ಪತ್ರ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಹೋಗ್ತಿತ್ತು. ಒಂದು ಮಾರ್ಕ್ಸ್‌ಕಾರ್ಡ್ ತಿದ್ದುಪಡಿಗೆ ಕೂಲಿ ಬಿಟ್ಟು ಬೆಳಗಾವಿಗೆ ಹೋಗಿ ಬಂದ ಅಪ್ಪಂದಿರನ್ನ ನಾನು ಕೌಂಟರಿನಲ್ಲಿ ಕೂತು ನೋಡಿದ್ದೀನಿ. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ, ಹಣ ಇಲ್ಲ, ಸೌಲಭ್ಯ ಇಲ್ಲ ಅಂತ ಒಂಬತ್ತು ವಿಶ್ವವಿದ್ಯಾಲಯ ಮುಚ್ಚುವ ಮಾತಾಡಿತು, ಅದರಲ್ಲಿ ನಮ್ಮದೂ ಒಂದು. ಮುಚ್ಚಬಾರದು ಅನ್ನುವವರ ಜೊತೆ ನಾನಿದ್ದೀನಿ. ಹತ್ತಿರದ ಬಾಗಿಲು ಮುಚ್ಚಿದರೆ ಮೊದಲು ಹೊರಗೆ ಉಳಿಯೋದು ನಮ್ಮ ಹೆಣ್ಣುಮಕ್ಕಳು.

ಆದರೆ ಒಂದು ಮಾತು. ನ್ಯಾಕ್‌ಗೆ ಅರ್ಜಿ ಹಾಕಬೇಕಾದರೆ ಎರಡು ಬ್ಯಾಚ್ ಹೊರಗೆ ಬಿದ್ದಿರಬೇಕು, ಇಲ್ಲ ಆರು ವರ್ಷ ಆಗಿರಬೇಕು. ಅಂದರೆ ಹೊಸ ವಿಶ್ವವಿದ್ಯಾಲಯಕ್ಕೆ ಮೊದಲ ಕೆಲವು ವರ್ಷ ಗ್ರೇಡಿನ ಕಾಟ ಇಲ್ಲ. ಇಂಥ ಹೊತ್ತಿನಲ್ಲೇ ಒಳ್ಳೆಯ ರೂಢಿ ಹಾಕಬೇಕು. ವಿದ್ಯಾರ್ಥಿಗಳ ಲೆಕ್ಕ ಮೊದಲ ಬ್ಯಾಚಿನಿಂದಲೇ ಸರಿಯಾಗಿ ಇಟ್ಟರೆ, ತಂಡ ಬರುವ ಹಿಂದಿನ ತಿಂಗಳು ಲೆಟರ್‌ಹೆಡ್ ಬೇಡುವ ಪಾಳಿ ಬರೋದಿಲ್ಲ.

2025ರ ಫೆಬ್ರವರಿಯಲ್ಲೇ ಇನ್ನೊಂದು ಸುದ್ದಿ ಬಂದಿತ್ತು, ನೆನಪಿರಬಹುದು. ಆಂಧ್ರದ ಒಂದು ಖಾಸಗಿ ಸಂಸ್ಥೆಗೆ ಎ ಪ್ಲಸ್ ಪ್ಲಸ್ ಕೊಡಿಸಲು ಲಂಚ ತಗೊಂಡ ಆರೋಪದ ಮೇಲೆ ನ್ಯಾಕ್ ತಪಾಸಣಾ ತಂಡದ ಅಧ್ಯಕ್ಷರನ್ನೂ ಸದಸ್ಯರನ್ನೂ ಸಿಬಿಐ ಬಂಧಿಸಿತು. ನಮ್ಮ ಕಚೇರಿಯಲ್ಲಿ ಎಲ್ಲರೂ ಬಾಯಿ ಚಪ್ಪರಿಸಿ ಓದಿದರು. ನಾನು ಸುಮ್ಮನಿದ್ದೆ. ಲಂಚ ದೊಡ್ಡವರ ಕಳ್ಳತನ. ರಸೀದಿಯನ್ನು ಉನ್ನತ ಶಿಕ್ಷಣ ಮಾಡೋದು ಸಣ್ಣವರ ಕಳ್ಳತನ. ಎ, ಬಿ ಅಕ್ಷರ ತೆಗೆದು ಮಾನ್ಯತೆ ಐತಿ, ಇಲ್ಲ ಅಂತ ಎರಡೇ ಮಾಡ್ತೀವಿ ಅಂತ 2024ರಲ್ಲಿ ನ್ಯಾಕ್ ಹೇಳಿತ್ತು. ಮಾಡಲಿ. ಆದರೆ ಕೆಳಗೆ ತುಂಬುವ ಕಾಲಂ ಸುಳ್ಳಾದರೆ ಮೇಲಿನ ಅಕ್ಷರ ಯಾವುದಾದರೇನು?

ಇನ್ನು ನಮ್ಮ ಮಾತು. ನಾವು, ಅಂದರೆ ಸಂಘಟನೆಯವರು.

ಏಪ್ರಿಲ್ 14 ಬಂತಂದ್ರ ಕರಪತ್ರ ಬರಿಯಾಕ ಯಾರು? ಇದೇ ಹುಡುಗರು. ಲೈವ್ ಮಾಡಾಕ, ಫೋಟೊ ತೆಗಿಯಾಕ, ಪೇಪರಿಗೆ ಸುದ್ದಿ ಕಳಸಾಕ ಇದೇ ಹುಡುಗರು. ಪೆಂಡಾಲಿಗೆ ದುಡ್ಡು ಕೊಡ್ತೀವಿ, ಡಿಜೆಗೆ ಕೊಡ್ತೀವಿ, ಊಟಕ್ಕೆ ಕೊಡ್ತೀವಿ. ಬರೆದವನಿಗೆ "ಸಮಾಜದ ಕೆಲಸ ಐತಿ ತಮ್ಮಾ" ಅಂತೀವಿ. ಜಯಂತಿಗೆ ಪತ್ರಿಕೆಯವರು ಜಾಹೀರಾತು ಕೇಳಿದರೆ ಲೀಡರುಗಳ ಫೋಟೊ ಹಾಕಿಸಿ ಅರ್ಧ ಪುಟ ಕೊಡ್ತೀವಿ. ಆ ಜಾಹೀರಾತನ್ನ ನಮ್ಮ ಹುಡುಗನ ಕೈಯಿಂದ ಕೊಡಿಸಿದ್ದರೆ ಅವನ ಟಾರ್ಗೆಟ್ ಆದರೂ ಮುಗೀತಿತ್ತು. ಎರಡು ವರ್ಷ ಅವನು ಬಾದಾಮಿಯಲ್ಲೇ ಇದ್ದ, ನಮಗೆ ಹೊಳೀಲಿಲ್ಲ. ಇದನ್ನ ಅವನೇ ಫೋನಿನಲ್ಲಿ ಹೇಳಿದ. ಸಿಟ್ಟಿನಿಂದ ಹೇಳಲಿಲ್ಲ, ಅದಕ್ಕೇ ಹೆಚ್ಚು ನಾಟಿತು.

ನಾನು ಏನು ಕೇಳ್ತಿದ್ದೀನಿ ಅಂತ ಸ್ಪಷ್ಟ ಬರೀತೀನಿ.

ಒಂದು. ಪತ್ರಿಕೋದ್ಯಮ ವಿಭಾಗ ಇರುವ ಪ್ರತಿ ಸಂಸ್ಥೆ, ಪ್ರತಿ ಬ್ಯಾಚು ಹೊರಗೆ ಹೋಗಿ ಎರಡು ವರ್ಷಕ್ಕೆ ಯಾರು ಎಲ್ಲಿದ್ದಾರೆ ಅಂತ ಪ್ರವರ್ಗವಾರು ಲೆಕ್ಕ ಪ್ರಕಟಿಸಬೇಕು. ಹೆಸರು ಬೇಡ, ಸಂಖ್ಯೆ ಸಾಕು. ಸುದ್ದಿ ಕೆಲಸದಲ್ಲಿ ಎಷ್ಟು, ಬೇರೆ ಕೆಲಸದಲ್ಲಿ ಎಷ್ಟು, ಮನೆಯಲ್ಲಿ ಎಷ್ಟು. ಜಾಲತಾಣದಲ್ಲೂ ಹಾಕಲಿ, ನೋಟಿಸ್ ಬೋರ್ಡಿನಲ್ಲೂ ಹಾಕಲಿ.

ಎರಡು. ಅಪ್‌ಲೋಡ್ ಮಾಡುವ ಮೊದಲು ಆ ಹುಡುಗ ಹುಡುಗಿಗೆ ತಮ್ಮ ಹೆಸರಿನ ಮುಂದೆ ಏನು ಬರೆದಿದೆ ಅಂತ ತೋರಿಸಲಿ. ಅವರು ಹೌದು ಅಂದರೆ ಮಾತ್ರ ಹಾಕಲಿ.

ಮೂರು. ಲ್ಯಾಬಿನ ಕ್ಯಾಮೆರಾ ಯಾರ ಕೈಗೆ ಎಷ್ಟು ಸಲ ಹೋಯಿತು ಅಂತ ರಿಜಿಸ್ಟರ್ ಇರಲಿ. ಅದನ್ನ ವಿದ್ಯಾರ್ಥಿಗಳು ನೋಡುವಂಗಿರಲಿ.

ನಾಲ್ಕು. ಸಂಬಳ ಇಲ್ಲದ ತರಬೇತಿಗೆ ನಮ್ಮ ಮಕ್ಕಳು ಹೋಗಲಾರರು. ಎಸ್‌ಸಿಎಸ್‌ಪಿ, ಟಿಎಸ್‌ಪಿ ಹಣಕ್ಕೆ ಅಂತ 2013ರ ಕಾಯ್ದೆ ಇದೆ. ವಾರ್ತಾ ಇಲಾಖೆ ನಮ್ಮ ಪತ್ರಿಕೋದ್ಯಮ ಪದವೀಧರರನ್ನ ಸ್ಟೈಪೆಂಡ್ ಕೊಟ್ಟು ಅಪ್ರೆಂಟಿಸ್ ತಗೊಳ್ತದೆ. ನಾನು ಫೋನ್ ಮಾಡಿದ ಹತ್ತರಲ್ಲಿ ಇದು ಗೊತ್ತಿದ್ದದ್ದು ಇಬ್ಬರಿಗೆ. ಅಧಿಸೂಚನೆ ಬಂದ ದಿನ ಹಾಸ್ಟೆಲ್ ಗೋಡೆಗೆ ಅಂಟಿಸೋದು ನಮ್ಮ ಕೆಲಸ, ಅದಕ್ಕೆ ಯಾರ ಪರವಾನಗಿಯೂ ಬೇಕಿಲ್ಲ.

ಐದು. ನಮ್ಮ ಸಂಘಟನೆಗಳು ಬರೆಸಿಕೊಂಡದ್ದಕ್ಕೆ ದುಡ್ಡು ಕೊಡಬೇಕು. ಮುಂದಿನ ಕಾರ್ಯಕ್ರಮದಿಂದಲೇ. ನಮ್ಮ ತಾಲೂಕು ಸಭೆಯಲ್ಲಿ ಈ ಮಾತು ಇಡ್ತೀನಿ.

ಕಚೇರಿಯಲ್ಲಿ ನಾನು ಏನು ಮಾಡಿದೆ ಅಂತಲೂ ಹೇಳಬೇಕು. ಹೋದ ಸೋಮವಾರ ಒಂದು ಟಿಪ್ಪಣಿ ಬರೆದೆ. ಇಂತಿಂಥ ನಮೂದುಗಳು ವಾಸ್ತವಕ್ಕೆ ಸರಿಹೊಂದುತ್ತಿಲ್ಲ, ವಾರ್ಷಿಕ ವರದಿಯಲ್ಲಿ ತಿದ್ದಲು ಆದೇಶ ಕೋರಿದೆ, ಅಂತ ನಾಲ್ಕು ಸಾಲು. ಸಹಿ ಹಾಕಿ ಕಡತದಲ್ಲಿ ಇಟ್ಟು ಮೇಲೆ ಕಳಿಸಿದೆ. ಪಕ್ಕದ ಟೇಬಲ್ಲಿನವರು "ಯಾಕ ಬೇಕಿತ್ತವ್ವಾ ನಿನಗ?" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಕಡತ ಇನ್ನೂ ಕೆಳಗೆ ಬಂದಿಲ್ಲ.

ಬ್ಯಾನರ್ ತರಲು ಮತ್ತೆ ಇಳಕಲ್ಲಿಗೆ ಹೋದಾಗ ಹುಡುಗನಿಗೆ ಎಲ್ಲ ಹೇಳಿದೆ. ನಿನ್ನ ಹೆಸರಿನ ಮುಂದೆ ಹಿಂಗ ಬರೆದಿದ್ದೆ, ತಪ್ಪಾಯ್ತು ತಮ್ಮಾ ಅಂದೆ. ಅವನಿಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಅಂದ್ರ ಕಾಗದದಾಗ ನಾ ಪತ್ರಕರ್ತ ಏನ್ರಿ ಅಕ್ಕಾರ?" ಆಮೇಲೆ ಬ್ಯಾನರ್ ಬಿಚ್ಚಿ ತೋರಿಸಿದ. ನಾನು ಬರೆದುಕೊಟ್ಟದ್ದರಲ್ಲಿ ಎರಡು ಕಾಗುಣಿತ ತಪ್ಪಿತ್ತಂತೆ, ತಿದ್ದಿದ್ದ.

ಕಾರ್ಯಕ್ರಮದ ವರದಿಯನ್ನ ಅವನೇ ಬರೀತಾನೆ. ದುಡ್ಡು ಕೊಟ್ಟೇ ಬರೆಸ್ತೀವಿ. ಅವನ ಹೆಸರಿನಲ್ಲೇ ಇಲ್ಲಿ ಹಾಕ್ತೀನಿ, ಅವನು ಒಪ್ಪಿದ್ದಾನೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯವರು ಯಾರಾದರೂ ಪತ್ರಿಕೋದ್ಯಮ ಓದಿದ ನಮ್ಮ ಮಕ್ಕಳಿದ್ದರೆ ಇನ್‌ಬಾಕ್ಸಿಗೆ ಬರ್ರಿ. ಯಾವ ವರ್ಷ ಮುಗಿಸಿದ್ರಿ, ಈಗ ಏನು ಮಾಡ್ತಿದ್ದೀರಿ, ನಡುವೆ ಏನು ಅಡ್ಡ ಬಂತು, ಇಷ್ಟೇ ಬರೀರಿ. ಹೆಸರು ಹೊರಗೆ ಹೋಗೋದಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಇನ್ನೂ ತೊಂಬತ್ತು ಪುಟ ಖಾಲಿ ಇವೆ.

ಜೈಭೀಮ್.